ಅಪ್ಪ ಹೊರುತ್ತಿದ್ದ ದೇವರು

ನಮ್ಮೂರಿಗೆ ಶಾಂತಿ ತಂದವರು ಎತ್ತಿನ ಗಾಡಿಯಲ್ಲಿ ಬಂದರು. ಜೊತೆಗೆ ಒಂದು ಮೇಜು, ಮೇಜಿಗೆ ಹಾಸಲು ಬಿಳಿ ಬಟ್ಟೆ, ಒಂದು ಬ್ಯೂಗಲ್ಲು ತಂದಿದ್ದರು. ಶಾಂತಿಗೆ ಮೇಜು ಯಾಕೆ ಬೇಕು ಎಂದು ಆಗಲೇ ನನಗೆ ಅನಿಸಿತ್ತು. ಇಷ್ಟು ವಯಸ್ಸಾದ ಮೇಲೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಆಮೇಲೆ ನಾನು ಕಂಡ ಇಂಥ ಸಭೆಗಳಲ್ಲೆಲ್ಲ ಮೊದಲು ಬಂದು ಜಾಗ ಹಿಡಿದದ್ದು ಮೇಜೇ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಕೊನೆಯವು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಶಹಾಬಾದಿನ ಹತ್ತಿರ, ಭಂಕೂರು ದಾಟಿ ಕಾಗಿಣಾ ಹೊಳೆಯ ಕಡೆಗೆ ನಡೆದರೆ ಸಿಗುವ ಸಣ್ಣ ಹಳ್ಳಿ. ನಾವು ಹೊಳೆದಂಡೆಯ ಅಂಬಿಗರು. ಮಳೆಗಾಲದಲ್ಲಿ ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಹೊಳೆ ಇಳಿದ ಮೇಲೆ ಮೀನು, ಇಲ್ಲವೆ ಕಲ್ಲಿನ ಖಣಿಯಲ್ಲಿ ಫರಸಿ ಚಪ್ಪಡಿ ಎತ್ತುವ ಕೂಲಿ. ಅಣ್ಣ ಶಹಾಬಾದಿನ ಶಾಲೆಯಲ್ಲಿ ಉರ್ದು ಕಲಿತು, ಅಲ್ಲಿಯೇ ಕಲ್ಲಿನ ವಖಾರಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಅವನ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿ ಕನ್ನಡ ಓದುವುದನ್ನು ಕಲಿತಿದ್ದೆ. ಮದುವೆಗೆ ಬಂದ ಹುಡುಗಿ, ಬಾಯಿ ಜೋರು, ಗಂಡು ಸಿಗುವುದು ಕಷ್ಟ ಎಂದು ಮನೆಯಲ್ಲಿ ಎಲ್ಲರ ಚಿಂತೆ.

ಅಣ್ಣನನ್ನು ಶಾಂತಿಯ ಗುಂಪಿಗೆ ಸೇರಿಸಿದವನು ಚಿತ್ತಾಪುರದ ಒಬ್ಬ ವಕೀಲರ ಮಗ. ಹೈದರಾಬಾದಿನಲ್ಲಿ ಓದಿ ಬಂದವನು, ಗುಂಪಿಗೆ ನಾಯಕನೂ ಅವನೇ. ಎಲ್ಲೋ ದೂರದ ಊರುಗಳಲ್ಲಿ ಹಿಂದೂಗಳು ಮುಸಲ್ಮಾನರು ಕಡಿದಾಡಿದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಅದನ್ನು ಓದಿ ಅವನಿಗೆ ನಿದ್ದೆ ಬರಲಿಲ್ಲವಂತೆ. ಮನಸ್ಸು ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. ಆದರೆ ತನಗೆ ನಿದ್ದೆ ಬರದಿದ್ದರೆ ಮಲಗಿದವರನ್ನೆಲ್ಲ ಎಬ್ಬಿಸಬೇಕು ಎಂದು ತಿಳಿಯುವ ಜಾತಿಯವನು. ವಾಡಿ ಜಂಕ್ಷನ್ನಿನ ರೈಲು ಗಾರ್ಡೊಬ್ಬರ ಮಗ, ಕಿರಿಸ್ತಾನ ಹುಡುಗ, ಬ್ಯೂಗಲ್ಲು ಊದುತ್ತಿದ್ದ. ವಾಡಿಯ ಇಂಜಿನ್ ಶೆಡ್ಡಿನಲ್ಲಿ ಕೆಲಸ ಮಾಡುವ ನಮ್ಮೂರ ಮಸೀದಿ ನೋಡಿಕೊಳ್ಳುವ ಮುಜಾವರನ ಅಕ್ಕನ ಮಗನೂ ಸೇರಿದ್ದ. ಇನ್ನೂ ಒಂದಿಬ್ಬರು ಬಂದು ಹೋಗುತ್ತಿದ್ದರು. ಎಲ್ಲರಿಗೂ ಬಿಳಿ ಟೋಪಿ, ಅಂಗಿಯ ಮೇಲೆ ಒಂದು ಬಟ್ಟೆಯ ಬಿಲ್ಲೆ. ಬಿಲ್ಲೆಯ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದಿರುವ ಕಸೂತಿ. ಆ ಕಸೂತಿ ಹಾಕಿಕೊಟ್ಟದ್ದು ನಾನೇ. ಮೀನು ನೋಡಿ ಬೆಳೆದವಳು ನಾನು, ಕೈಗಳು ಎರಡು ಮೀನುಗಳ ಹಾಗೆ ಬಂದವು. ಅಣ್ಣ ಸಿಟ್ಟಾದ. ಬೇಕಿದ್ದರೆ ನಿನ್ನ ನಾಯಕನ ಕೈಯಿಂದಲೇ ಹೊಲಿಸಿಕೋ ಎಂದೆ.

ಈ ಗುಂಪು ನಮ್ಮೂರಿಗೆ ಬರುವ ಮೊದಲು ಬೇರೆ ಕಡೆಗಳಲ್ಲೂ ಶಾಂತಿ ಹಂಚಿ ಬಂದಿತ್ತು. ಸೇಡಂ ಕಡೆ ಆಡಕಿಯಲ್ಲಿ ಸಭೆ ಮಾಡಿದ್ದರು. ಚಿಂಚೋಳಿ ದಾಟಿ ಕುಂಚಾವರಂ ಕಾಡಿನವರೆಗೂ ಹೋಗಿ, ತೆಲುಗು ಬಿಟ್ಟು ಬೇರೆ ಮಾತು ಬಾರದ ಜನರಿಗೆ ಗ್ರಂಥದ ಕನ್ನಡದಲ್ಲಿ ಐಕ್ಯತೆಯ ಭಾಷಣ ಮಾಡಿದ್ದರು. ಅವರು ತಲೆ ಆಡಿಸಿದ್ದನ್ನು ಒಪ್ಪಿಗೆ ಎಂದು ತಿಳಿದು ಸಂತೋಷದಿಂದ ಮರಳಿದ್ದರು. ಅಣ್ಣ ಅದನ್ನು ದೊಡ್ಡ ಗೆಲುವು ಎಂದು ಮನೆಯಲ್ಲಿ ಹೇಳಿದ. ಅಪ್ಪ ಎಲ್ಲವನ್ನೂ ಬಾಯಿ ತೆರೆದು ಕೇಳಿದ. ಮಗ ಏನು ಹೇಳಿದರೂ ಅಪ್ಪ ಹಾಗೆಯೇ ಕೇಳುತ್ತಿದ್ದ.

ನಮ್ಮೂರಲ್ಲಿ ಶಾಂತಿ ಇತ್ತು ಎಂದು ನಾನು ಹೇಳಲಾರೆ. ಜಗಳಕ್ಕೇನೂ ಕಡಿಮೆ ಇರಲಿಲ್ಲ. ಎಮ್ಮೆ ಹೊಲಕ್ಕೆ ನುಗ್ಗಿದರೆ ಜಗಳ, ಬದುವಿನ ಕಲ್ಲು ಗೇಣುದ್ದ ಸರಿದರೆ ಜಗಳ. ಅಪ್ಪನೂ ಮುಜಾವರನೂ ಒಂದು ಬೇವಿನ ಮರದ ಟೊಂಗೆಗಾಗಿ ತಿಂಗಳುಗಟ್ಟಲೆ ಮಾತು ಬಿಟ್ಟವರು. ಆದರೆ ಮೊಹರಂ ಚಂದ್ರ ಕಂಡ ಮರುದಿನ ಮುಜಾವರ, ದೇವರನ್ನು ಹೊರುವವನಿಗೆ ಕಟ್ಟುವ ಹಸಿರು ನಡುಪಟ್ಟಿ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದ. ಅಪ್ಪ ಎದ್ದು ನಿಲ್ಲುತ್ತಿದ್ದ. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಕಟ್ಟುವವನು ಕಟ್ಟುತ್ತಿದ್ದ, ಕಟ್ಟಿಸಿಕೊಳ್ಳುವವನು ಕಟ್ಟಿಸಿಕೊಳ್ಳುತ್ತಿದ್ದ. ಆ ಮುಜಾವರನನ್ನು ಅವ್ವ ಭಾವ ಎನ್ನುತ್ತಿದ್ದಳು, ನಾನು ದೊಡ್ಡಪ್ಪ ಎನ್ನುತ್ತಿದ್ದೆ.

ನಮ್ಮ ಕಡೆಯ ಮೊಹರಂ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಬೇಕು. ಬೆಳ್ಳಿಯ ಹಸ್ತವನ್ನು ಕೋಲಿಗೆ ಸಿಕ್ಕಿಸಿ, ಬಣ್ಣದ ಬಟ್ಟೆ, ಹೂವು ಸುತ್ತಿದರೆ ಅದು ಅಲಾಯಿ ದೇವರು. ವರ್ಷವಿಡೀ ದೇವರು ಮುಜಾವರನ ಪೆಟ್ಟಿಗೆಯಲ್ಲಿರುತ್ತಿತ್ತು. ಪೆಟ್ಟಿಗೆ ಅವನದು, ಊದು ಹಾಕುವುದು ಅವನದು. ಮಸೀದಿಯ ಮುಂದೆ ಬೆಂಕಿಯ ಕುಣಿ ತೋಡುವುದು ಕಲ್ಲೊಡೆಯುವವರ ಕೆಲಸ. ಕಟ್ಟಿಗೆ, ಎಣ್ಣೆ ಗೌಡರ ಮನೆಯಿಂದ. ದೇವರನ್ನು ಹೊರುವುದು, ಕೊನೆಯ ದಿನ ಹೊಳೆಗೆ ಒಯ್ದು ನಡುಮಟ್ಟ ನೀರಿನಲ್ಲಿ ನಿಂತು ತಣಿಸುವುದು ನಮ್ಮ ಮನೆಯದು. ಅಜ್ಜ ಹೊತ್ತಿದ್ದ, ಅಜ್ಜನ ಅಪ್ಪ ಹೊತ್ತಿದ್ದ. ಯಾಕೆ ನಮ್ಮದು ಎಂದು ಯಾರೂ ಕೇಳಿರಲಿಲ್ಲ.

ಅಪ್ಪನಿಗೆ ಅದರಲ್ಲಿ ಏನಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಗೌಡರು ಲಿಂಗವಂತರು, ಮಡಿವಂತರು. ಅವರ ಮನೆಗೆ ಅಪ್ಪ ಮೀನಿನ ವಾಸನೆಯ ಮೈಯಲ್ಲಿ ಹೋದರೆ ಅಂಗಳದಲ್ಲೇ ನಿಲ್ಲಬೇಕು. ಪಡಸಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಮೊಹರಂ ಕೊನೆಯ ದಿನ ಅಪ್ಪ ದೇವರನ್ನು ಹೊತ್ತು ಬಂದಾಗ ಗೌಡರ ಹೆಂಡತಿ ತಂಬಿಗೆ ಹಿಡಿದು ಹೊರಗೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಅಪ್ಪನ ಕಾಲಿಗೆ ನೀರು ಹಾಕುತ್ತಿದ್ದಳು. ಆಮೇಲೆ ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆ ಒಂದು ಕ್ಷಣಕ್ಕಾಗಿ ಅಪ್ಪ ವರ್ಷವಿಡೀ ಅಂಗಳದಲ್ಲಿ ನಿಲ್ಲುತ್ತಿದ್ದ ಎಂದು ನನಗೆ ಅನಿಸುತ್ತದೆ. ಈಗ ಅವನಿಗೆ ಮೊಣಕಾಲು ನೋವು ಬಂದಿತ್ತು. ತಣ್ಣೀರಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಬರುವ ಮೊಹರಮ್ಮಿಗೆ ನಡುಪಟ್ಟಿಯನ್ನು ಅಣ್ಣನಿಗೆ ಕಟ್ಟಿಸಬೇಕು, ತನ್ನ ಕಣ್ಣೆದುರಿಗೇ ಮಗ ದೇವರನ್ನು ಹೊರಬೇಕು ಎಂದು ಆಸೆ ಇಟ್ಟುಕೊಂಡಿದ್ದ. ಮುಜಾವರನಿಗೂ ಹೇಳಿಟ್ಟಿದ್ದ. ಅಣ್ಣನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ, ಹಬ್ಬ ಹತ್ತಿರ ಬರಲಿ ಎಂದು ಕಾಯುತ್ತಿದ್ದ.

ಹಬ್ಬಕ್ಕೆ ಕೆಲವು ವಾರ ಮೊದಲು ಮೇಜು ಬಂತು. ಅದನ್ನು ಮಸೀದಿಯ ಮುಂದಿನ ಬಯಲಿನಲ್ಲಿ ಇಟ್ಟರು. ಬ್ಯೂಗಲ್ಲು ಊದಿದ ಮೇಲೆ ನಾಯಿಗಳು ಮೊದಲು ಬಂದವು, ಜನ ಆಮೇಲೆ ಬಂದರು. ನಮ್ಮೂರಲ್ಲಿ ಸಭೆ ಎಂದರೆ ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಉಳಿದವರು, ಗೋಡೆಯ ಮಗ್ಗುಲಲ್ಲಿ ಹೆಂಗಸರು, ದೂರ ಬೇವಿನ ಕೆಳಗೆ ಕೆಳಗೇರಿಯವರು. ವಕೀಲರ ಮಗ ಎದ್ದು ನಿಂತು, ಹಿಂದೂ ಬಾಂಧವರು ಬಲಕ್ಕೆ, ಮುಸಲ್ಮಾನ ಬಾಂಧವರು ಎಡಕ್ಕೆ ಕುಳಿತುಕೊಳ್ಳಬೇಕು, ಆಮೇಲೆ ನಾವು ನಿಮ್ಮನ್ನು ಒಂದುಗೂಡಿಸುತ್ತೇವೆ ಎಂದ.

ಯಾರೂ ಏಳಲಿಲ್ಲ. ಅಣ್ಣ ಬಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ. ಆಗ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಎದ್ದರು. ಪಿಂಜಾರರ ಮುದುಕಿ, ಮಗಳ ಲಗ್ನಕ್ಕೆ ಎಲ್ಲಮ್ಮನ ಉಡಿ ತುಂಬಿದವಳು, ಬಲಕ್ಕೆ ಹೋಗಲೋ ಎಡಕ್ಕೆ ಹೋಗಲೋ ತಿಳಿಯದೆ ಮನೆಗೇ ಹೋಗಿಬಿಟ್ಟಳು. ಅವಳಷ್ಟು ಜಾಣತನ ಉಳಿದವರಿಗೆ ಇರಲಿಲ್ಲ. ಅಪ್ಪ ಎಂದಿನ ಹಾಗೆ ಕಟ್ಟೆಯ ಎಡತುದಿಯಲ್ಲಿ ಮುಜಾವರನ ಪಕ್ಕದಲ್ಲಿ ಕುಳಿತಿದ್ದ. ಅದು ಅವನ ಜಾಗ. ಅಣ್ಣ ಮೆಲ್ಲಗೆ ಅವನ ತೋಳು ಹಿಡಿದು ಎಬ್ಬಿಸಿ ಬಲಕ್ಕೆ ಕರೆದುಕೊಂಡು ಹೋದ. ಕೆಳಗೇರಿಯವರು ಬೇವಿನ ಕೆಳಗೇ ನಿಂತಿದ್ದರು. ಅವರಿಗೆ ಯಾವ ಕಡೆ ಎಂದು ಯಾರೂ ಹೇಳಲಿಲ್ಲ, ಶಾಂತಿಗೆ ಅವರು ಬೇಕಾಗಿರಲಿಲ್ಲ. ಬ್ಯೂಗಲ್ಲಿನ ಹುಡುಗ ಎರಡು ಕಡೆಗೂ ಸೇರದೆ ನಡುವೆ ಒಬ್ಬನೇ ನಿಂತ.

ಹೀಗೆ ಒಡೆದು ಕೂಡಿಸಿದ ಮೇಲೆ ಅಪ್ಪಿಕೊಳ್ಳುವ ಕಾರ್ಯಕ್ರಮ. ಪ್ರತಿಯೊಬ್ಬ ಹಿಂದೂ ಒಬ್ಬ ಮುಸಲ್ಮಾನನನ್ನು ಅಪ್ಪಬೇಕು. ಊರಲ್ಲಿ ಮುಸಲ್ಮಾನರ ಮನೆಗಳು ಬೆರಳೆಣಿಕೆಯವು. ಇದನ್ನು ನಾಯಕ ಯೋಚಿಸಿರಲಿಲ್ಲ. ಹಾಗಾಗಿ ಇದ್ದ ನಾಲ್ಕು ಜನರನ್ನೇ ಊರಿನವರೆಲ್ಲ ಸಾಲಾಗಿ ಬಂದು ಅಪ್ಪಿದರು. ಕಲ್ಲೊಡೆಯುವ ಗಟ್ಟಿ ಕೈಗಳು, ಅಪ್ಪುವುದೆಂದರೆ ಹಿಂಡುವುದೆಂದೇ ತಿಳಿದವರು. ಮುಜಾವರ ದೊಡ್ಡಪ್ಪನಿಗೆ ಬೆವರು ಬಂತು.

“ಸಾಕ್ರೀ ಸಾಬ್,” ಎಂದ ನಾಯಕನಿಗೆ. “ನನ್ನ ಎಲುಬು ಮುರದ್ರ ಹಬ್ಬ ಯಾರು ಮಾಡ್ತಾರ?”

ಜನ ನಕ್ಕರು. ನಾಯಕನೂ ನಕ್ಕ, ಐಕ್ಯತೆ ಬಂತೆಂದು ತಿಳಿದು. ಅದೇ ಹುರುಪಿನಲ್ಲಿ ಅವನು ಹೆಂಗಸರ ಕಡೆ ತಿರುಗಿ, ಇನ್ನು ಮುಂದೆ ಎಲ್ಲರೂ ಒಬ್ಬರನ್ನೊಬ್ಬರು ಅಣ್ಣ ತಮ್ಮ ಅಕ್ಕ ತಂಗಿ ಎಂದೇ ಕರೆಯಬೇಕು ಎಂದ. ಉದಾಹರಣೆಗೆ ನಮ್ಮ ಅವ್ವನನ್ನು ಆರಿಸಿಕೊಂಡು, ಈ ಮುಜಾವರರನ್ನು ಅಣ್ಣ ಎಂದು ಕರೆಯಿರಿ ನೋಡೋಣ ಎಂದ. ಅವ್ವ ಸೆರಗಿನ ಮರೆಯಿಂದಲೇ, ಅಣ್ಣ ಅಂದರೆ ಪಂಚಮಿಗೆ ತವರಿಗೆ ಕರೆದೊಯ್ದು ಸೀರೆ ಉಡಿಸಬೇಕಾಗುತ್ತದೆ, ಮೊದಲು ಅವರನ್ನು ಕೇಳಿ ಎಂದಳು. ಭಾವ ಅಂತಲೇ ಇರಲಿ ಬಿಡವ್ವ ಎಂದ ದೊಡ್ಡಪ್ಪ. ನಾಯಕನಿಗೆ ಇದೇನೂ ತಿಳಿಯಲಿಲ್ಲ. ಅವನಿಗೆ ಭಾವ ಎನ್ನುವ ಸಂಬಂಧದಲ್ಲಿ ಎಂಥ ಸಲಿಗೆ ಇದೆ, ಎಂಥ ಅಧಿಕಾರ ಇದೆ ಎಂದು ಯಾರು ಹೇಳಬೇಕು. ಹೈದರಾಬಾದಿನ ಕಾಲೇಜಿನಲ್ಲಿ ಅದನ್ನು ಕಲಿಸುವುದಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೆ. ಆದರೆ ನಾಯಕನಿಗೆ ಮೊಹರಂ ಕಣ್ಣಿಗೆ ಬಿತ್ತು. ನಮ್ಮೂರ ಹಬ್ಬವನ್ನು ಸುತ್ತಲಿನ ಊರುಗಳಿಗೆಲ್ಲ ಮಾದರಿ ಮಾಡಬೇಕು ಎಂದು ಹೊರಟ. ಚಿತ್ತಾಪುರದಿಂದ ತಹಸೀಲ್ದಾರರನ್ನು ಕರೆಸುವುದು, ಗುಲ್ಬರ್ಗಾದಿಂದ ಫೋಟೋ ತೆಗೆಯುವವನನ್ನು ಕರೆಸುವುದು. ಮುಸಲ್ಮಾನರು ಒಂದು ಕಡೆಯಿಂದ ತಮ್ಮ ದೇವರನ್ನು ಹೊತ್ತು ಬರಬೇಕು. ಹಿಂದೂಗಳು ಇನ್ನೊಂದು ಕಡೆಯಿಂದ ಭಜನೆ ಮಾಡುತ್ತ ಬರಬೇಕು. ಹೊಳೆಯ ದಾರಿಯಲ್ಲಿ ಎರಡೂ ಎದುರಾದಾಗ ಹಾರ ಹಾಕಬೇಕು, ಅಪ್ಪಬೇಕು, ಫೋಟೋ ಆಗಬೇಕು. ಇದರಲ್ಲಿ ತೊಡಕು ಒಂದೇ, ದೇವರನ್ನು ಹೊರುವವನು ನಮ್ಮಪ್ಪ. ಅಂಬಿಗನೊಬ್ಬ ಆ ಕಡೆಯಿಂದ ಬಂದರೆ ಎರಡು ಕಡೆ ಎಂದು ಫೋಟೋದಲ್ಲಿ ತಿಳಿಯುವುದು ಹೇಗೆ? ಹಾಗಾಗಿ ಈ ಸಲ ಮುಜಾವರನ ಸೋದರಳಿಯ, ಇಂಜಿನ್ ಶೆಡ್ಡಿನ ಹುಡುಗ, ಹೊರಲಿ ಎಂದು ತೀರ್ಮಾನವಾಯಿತು. ಅಪ್ಪನನ್ನು ಒಪ್ಪಿಸುವ ಕೆಲಸ ಅಣ್ಣನ ಪಾಲಿಗೆ ಬಂತು.

ಒಂದು ಸಂಜೆ ಅಣ್ಣ ವಖಾರಿಯಿಂದ ಬಂದು, ಕೈಕಾಲು ತೊಳೆದು, ಅಪ್ಪನ ಎದುರಿಗೆ ಕುಳಿತ. ಅಪ್ಪ ಅಂದೇ ನಡುಪಟ್ಟಿಯ ಮಾತು ತೆಗೆಯಬೇಕೆಂದಿದ್ದ, ಅವ್ವನಿಗೆ ಕೋಡುಬಳೆ ಮಾಡಲು ಹೇಳಿದ್ದ. ಅಣ್ಣನೇ ಮೊದಲು ಮಾತು ಶುರುಮಾಡಿದ. ಒಬ್ಬರ ಧರ್ಮವನ್ನು ಇನ್ನೊಬ್ಬರು ಗೌರವಿಸಬೇಕು, ಆದರೆ ಅದರಲ್ಲಿ ಕೈ ಹಾಕಬಾರದು. ಅವರ ದೇವರನ್ನು ಅವರೇ ಹೊರಲಿ, ನಾವು ಹಾರ ಹಾಕೋಣ. ಇದು ನಾಯಕನ ಮಾತು, ಅಕ್ಷರ ಬಿಡದೆ ಒಪ್ಪಿಸಿದ. ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ, ಕೈಯಲ್ಲಿದ್ದ ಊದುಕೊಳವೆ ಅವನ ತಲೆಗೆ ಎಸೆಯಬೇಕೆನಿಸಿತು.

ಅಪ್ಪ ಮೊಣಕಾಲು ನೀವಿಕೊಳ್ಳುತ್ತ ಕೇಳಿದ.

“ಅವರ ದೇವರು ಅಂದ್ಯಲ್ಲ ಮಗಾ. ಅವರಂದ್ರ ಯಾರು?”

“ಮುಸಲ್ಮಾನ್ರು, ಅಪ್ಪ.”

“ಮತ್ತ ಇಷ್ಟು ವರ್ಷ ನಾ ಹೊತ್ತಿದ್ದು?”

“ಅವರ್ದೇ. ನೀ ಪ್ರೀತಿಲಿಂದ ಹೊತ್ತಿದಿ. ಅದು ಭಾಳ ದೊಡ್ಡ ಮಾತು.”

“ಪ್ರೀತಿ ಎಲ್ಲಿಂದ ಬಂತು ಅದರಾಗ,” ಎಂದ ಅಪ್ಪ. “ನಂದೇ ಇತ್ತಲ್ಲ.”

ಅಣ್ಣನಿಗೆ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಅವನು ತಹಸೀಲ್ದಾರರು ಬರುವ ಮಾತು ತೆಗೆದ, ತನ್ನ ಮರ್ಯಾದೆಯ ಮಾತು ತೆಗೆದ, ಗೆಳೆಯರೆಲ್ಲ ತನ್ನ ಮೇಲೆ ಭಾರ ಹಾಕಿದ್ದಾರೆ ಎಂದ. ನಾನು ತಡೆಯಲಾರದೆ, ದೇವರಾದ ಮೇಲೆ ಹೊಳೆಯನ್ನೂ ಕೇಳು, ಅದು ಹಿಂದೂವೋ ಮುಸಲ್ಮಾನೋ ಎಂದು, ಆಮೇಲೆ ನೀರು ಕುಡಿ ಎಂದೆ. ನಿನಗೆ ಏನೂ ತಿಳಿಯುವುದಿಲ್ಲ, ಸುಮ್ಮನಿರು ಎಂದ ಅಣ್ಣ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಕಲಿತವನು ಅವನು, ನಾನಲ್ಲ.

“ನೀ ಕಲಿತಾವ,” ಎಂದ ಅಪ್ಪ ಕೊನೆಗೆ. “ನಿನಗ ಗೊತ್ತಿರ್ತದ. ನೀ ಹೇಳ್ದಾಂಗ ಆಗ್ಲಿ.”

ನಡುಪಟ್ಟಿಯನ್ನು ಮಗನಿಗೆ ಕಟ್ಟಿಸುವ ಮಾತು ಅವನ ಬಾಯಿಂದ ಬರಲೇ ಇಲ್ಲ. ಅವ್ವ ಕೋಡುಬಳೆ ತಂದಿಟ್ಟಳು. ಅಣ್ಣ ದೊಡ್ಡ ಕೆಲಸ ಮುಗಿಸಿದವರ ಹಾಗೆ ತಿಂದ.

ಮುಜಾವರ ದೊಡ್ಡಪ್ಪನಿಗೂ ಇದು ಹಿಡಿಸಿರಲಿಲ್ಲ. ಅವನು ಬಂದು, ನಿನ್ನ ಬಿಟ್ಟು ಬೇರೆಯವರಿಗೆ ಈ ಪಟ್ಟಿ ಕಟ್ಟುವುದಿಲ್ಲ ಎಂದು ಅಪ್ಪನ ಮೇಲೆ ರೇಗಿದ. ಹುಡುಗರೆಲ್ಲ ಸೇರಿ ಮಾಡಿದ್ದಾರೆ, ಸರಕಾರದವರು ಬರುತ್ತಾರೆ, ಕಟ್ಟಿಬಿಡು ಎಂದು ಅಪ್ಪನೇ ಅವನನ್ನು ಸಮಾಧಾನ ಮಾಡಿದ. ಇಬ್ಬರು ಮುದುಕರು ತಮ್ಮ ತಮ್ಮ ಮನೆಯ ಹುಡುಗರ ಬುದ್ಧಿವಂತಿಕೆಗೆ ತಲೆಬಾಗಿ ತಂಬಾಕು ತಿಕ್ಕುತ್ತ ಕುಳಿತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಮೊಹರಂ ಕೊನೆಯ ದಿನ ತಹಸೀಲ್ದಾರರು ಮಧ್ಯಾಹ್ನವೇ ಬಂದು ಮೇಜಿನ ಹಿಂದೆ ಕುಳಿತರು. ಇಂಜಿನ್ ಶೆಡ್ಡಿನ ಹುಡುಗ ಒಗೆದ ಅಂಗಿ ತೊಟ್ಟು, ಎದೆಯ ಮೇಲೆ ನನ್ನ ಎರಡು ಮೀನು ಸಿಕ್ಕಿಸಿಕೊಂಡು ದೇವರನ್ನು ಎತ್ತಿದ. ಅವನು ಕೆಟ್ಟವನಲ್ಲ. ಎತ್ತುವಾಗ ಅಪ್ಪನ ಮುಖ ನೋಡಲಾರದೆ ನೆಲ ನೋಡಿದ. ಹಲಗೆ ಬಾರಿಸುವವರು ಬಾರಿಸಿದರು. ಆದರೆ ಅಪ್ಪನ ಮೈಯಲ್ಲಿ ದೇವರು ಬಂದಾಗ ಹಲಗೆ ಏರುತ್ತಿದ್ದ ಏರು ಆ ದಿನ ಬರಲಿಲ್ಲ, ಬರುವುದಕ್ಕೆ ಯಾರ ಮೈಯಲ್ಲೂ ಏನೂ ಇರಲಿಲ್ಲ.

ಗೌಡರ ಮನೆಯ ಬಾಗಿಲು ಮುಚ್ಚಿತ್ತು. ನಾಯಕ ಹಿಂದಿನ ದಿನ ಅವರಲ್ಲಿಗೆ ಹೋಗಿ, ಇದು ಮುಸಲ್ಮಾನ ಬಾಂಧವರ ಪವಿತ್ರ ದಿನ, ಹಿಂದೂಗಳ ಪರವಾಗಿ ತಾವು ಮೆರವಣಿಗೆಯ ಮುಂದೆ ಇರಬೇಕು ಎಂದು ತಿಳಿಹೇಳಿ ಬಂದಿದ್ದ. ಗೌಡರು ಮೆರವಣಿಗೆಗೆ ಬಂದರು, ಸರಕಾರದ ಮುಂದೆ ಬಾರದಿರಲು ಆಗುತ್ತದೆಯೇ. ಆದರೆ ಅದು ಮುಸಲ್ಮಾನರ ದಿನ ಎಂದ ಮೇಲೆ ಗೌಡಸಾನಿ ತಂಬಿಗೆ ಹಿಡಿದು ಬಾಗಿಲಿಗೆ ಯಾಕೆ ಬರಬೇಕು? ಅಲ್ಲಿಯವರೆಗೆ ಅದು ಯಾರ ದಿನ ಎಂದು ಅವಳಿಗೂ ಗೊತ್ತಿರಲಿಲ್ಲ. ಹೇಳಿಕೊಟ್ಟ ಮೇಲೆ ಗೊತ್ತಾಯಿತು.

ನಮ್ಮ ಮನೆಯ ಮುಂದೆ ಅವ್ವ ಕೊಡ ಹಿಡಿದು ನಿಂತಿದ್ದಳು. ಯಾರೇ ಹೊತ್ತಿರಲಿ, ದೇವರು ಬಂದಾಗ ನೀರು ಹಾಕುವುದು ಅವಳ ಕೆಲಸ. ಹುಡುಗ ಅವಳನ್ನು ನೋಡಿ ನಿಲ್ಲಲು ಹೋದ. ನಾಯಕ ಹಿಂದಿನಿಂದ, ಹೊತ್ತಾಯಿತು, ಬೆಳಕು ಹೋದರೆ ಫೋಟೋ ಬರುವುದಿಲ್ಲ ಎಂದು ಅವನನ್ನು ಮುಂದಕ್ಕೆ ನಡೆಸಿದ. ಅವ್ವ ದಾರಿಯ ಮಣ್ಣಿಗೇ ನೀರು ಸುರಿದು ಒಳಗೆ ಬಂದಳು.

ಹೊಳೆಯ ದಾರಿಯಲ್ಲಿ ಎರಡು ಸಾಲುಗಳು ಎದುರಾದವು. ಹಿಂದೂಗಳ ಸಾಲಿನಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಚೆಂಡು ಹೂವಿನ ಹಾರ. ಹಾರ ಹಾಕುವ ಗೌರವ ಅವನಿಗೇ ಕೊಡಿಸಿದ್ದೇನೆ ಎಂದು ಅಣ್ಣ ಮನೆಯಲ್ಲಿ ಹೆಮ್ಮೆಯಿಂದ ಹೇಳಿದ್ದ. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಯಾರೂ ಅಲುಗಾಡಬೇಡಿ ಎಂದು ಕೂಗಿದ. ಹಲಗೆ ನಿಲ್ಲಿಸಿದರು. ನಾನು ಹುಟ್ಟಿದಾಗಿನಿಂದ ಹೊಳೆಯ ದಾರಿಯಲ್ಲಿ ಹಲಗೆ ನಿಂತದ್ದು ಕೇಳಿರಲಿಲ್ಲ. ದೇವರು ಅಲುಗದೆ ನಿಂತಿತು, ಜನ ಅಲುಗದೆ ನಿಂತರು, ಅಪ್ಪ ಹಾರ ಎತ್ತಿ ಹಿಡಿದುಕೊಂಡು ನಿಂತ. ಹಾರದ ಹೂವು ಅಲುಗುತ್ತಿತ್ತು. ಅಲುಗಬೇಡ ಕಾಕಾ ಎಂದು ನಾಯಕ ಪ್ರೀತಿಯಿಂದಲೇ ಹೇಳಿದ.

ಆಮೇಲೆ ಹೊಳೆ. ಅಪ್ಪ ರೂಢಿಯ ಮೇಲೆ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿಯಲು ಹೊರಟ. ಕಾಕಾ, ಈ ಕಡೆ ಎಂದು ನಾಯಕ ಅವನನ್ನು ದಂಡೆಯ ಮೇಲೆ ಹಿಂದೂಗಳ ಜೊತೆ ನಿಲ್ಲಿಸಿದ. ಹುಡುಗ ಮೊಣಕಾಲು ನೀರಿನಲ್ಲಿ ದೇವರನ್ನು ಅದ್ದಿ ತಂದ. ಯಾವ ಪವಾಡವೂ ಆಗಲಿಲ್ಲ. ಹೊಳೆ ಉಕ್ಕಲಿಲ್ಲ, ಯಾರೂ ಜಾರಿ ಬೀಳಲಿಲ್ಲ. ಆಗಿದ್ದರೆ ನನಗಾದರೂ ಸ್ವಲ್ಪ ಸಮಾಧಾನ ಆಗುತ್ತಿತ್ತು. ಎಲ್ಲವೂ ಬಹಳ ಚೆನ್ನಾಗಿ, ಬಹಳ ಶಾಂತವಾಗಿ ಮುಗಿಯಿತು. ತಹಸೀಲ್ದಾರರು ನಾಯಕನ ಬೆನ್ನು ತಟ್ಟಿದರು. ಫೋಟೋ ಶಹಾಬಾದಿನ ವಾಚನಾಲಯದ ಗೋಡೆಗೆ ಏರಿತು. ಕೆಳಗೆ ಐಕ್ಯತೆ ಎಂದು ಎರಡು ಭಾಷೆಯಲ್ಲಿ ಬರೆದಿದ್ದರು.

ಮರುವರ್ಷದೊಳಗೆ ಕಾಲ ಕೆಟ್ಟಿತು. ಖಾಕಿ ತೊಟ್ಟು ಬಂದೂಕು ಹಿಡಿದ ನಿಜಾಮರ ಕಡೆಯವರು ಊರೂರು ತಿರುಗತೊಡಗಿದರು. ಉಳ್ಳವರು ಗಂಟು ಮೂಟೆ ಕಟ್ಟಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಶಾಂತಿಯ ಗುಂಪಿನ ಕೆಲಸ ಶುರುವಾಗಬೇಕಿದ್ದದ್ದು ಆಗಲೇ, ಆದರೆ ಗುಂಪು ಎಲ್ಲಿತ್ತು? ವಕೀಲರ ಮಗ ಎಲ್ಲರಿಗಿಂತ ಮೊದಲು ವಾಡಿಯಲ್ಲಿ ಪುಣೆಯ ರೈಲು ಹತ್ತಿದ. ಬ್ಯೂಗಲ್ಲಿನ ಹುಡುಗನ ಅಪ್ಪನಿಗೆ ವರ್ಗವಾಯಿತು. ಇಂಜಿನ್ ಶೆಡ್ಡಿನ ಹುಡುಗ ಖಾಕಿ ತೊಟ್ಟ ಎಂದು ಕೆಲವರು ಹೇಳಿದರು, ಹೆದರಿ ಹೈದರಾಬಾದಿಗೆ ಓಡಿದ ಎಂದು ಕೆಲವರು. ನನಗೆ ಗೊತ್ತಿಲ್ಲ. ಅಣ್ಣ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ಟೋಪಿಯನ್ನು ಅವ್ವ ಗಡಿಗೆ ಇಳಿಸುವ ಅರಿವೆ ಮಾಡಿಕೊಂಡಳು. ನಮ್ಮೂರ ಮೇಲೆ ಯಾರೂ ಬಂದು ಬೀಳಲಿಲ್ಲ, ಊರವರು ಯಾರನ್ನೂ ಹೊಡೆಯಲಿಲ್ಲ. ಆದರೆ ಕಟ್ಟೆಯ ಮೇಲೆ ಮುಜಾವರ ದೊಡ್ಡಪ್ಪನ ಪಕ್ಕದ ಜಾಗ ಖಾಲಿ ಇರುತ್ತಿತ್ತು.

ಆ ವರ್ಷದ ಮೊಹರಂ ಚಂದ್ರ ಕಂಡ ಮರುದಿನ ದೊಡ್ಡಪ್ಪ ಬಂದ. ಮಧ್ಯಾಹ್ನದ ಬಿಸಿಲು. ಕೈಯಲ್ಲಿ ಹಸಿರು ನಡುಪಟ್ಟಿ. ಎಷ್ಟು ಸೊರಗಿದ್ದನೆಂದರೆ ಮೊದಲು ನನಗೆ ಗುರುತೇ ಹತ್ತಲಿಲ್ಲ. ಅಪ್ಪ ಪಡಸಾಲೆಯಲ್ಲಿ ಬಲೆ ಹೊಲಿಯುತ್ತಿದ್ದ, ಅಣ್ಣ ಗೋಡೆಗೆ ಒರಗಿ ಕುಳಿತಿದ್ದ.

“ಏಳೋ,” ಎಂದ ದೊಡ್ಡಪ್ಪ. “ಕುಣಿ ತೋಡಾವ್ರು ಬಂದಿಲ್ಲ, ಎಣ್ಣಿ ಬಂದಿಲ್ಲ. ನೀ ಬಂದಿ ಅಂದ್ರ ಎಲ್ಲಾರೂ ಬರ್ತಾರ. ಏಳು.”

ಈಗ ಅಪ್ಪ ಎದ್ದು ನಿಲ್ಲುತ್ತಾನೆ ಎಂದುಕೊಂಡೆ. ಮೊಣಕಾಲು ಹಾಳಾಗಲಿ, ಎದ್ದು ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿದೆ. ಅವ್ವ ಒಳಗಿನಿಂದ ಆಗಲೇ ಕೊಡ ಎತ್ತಿಕೊಂಡು ಬಂದಿದ್ದಳು. ಅಪ್ಪ ಬಲೆಯನ್ನು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿದ. ಅಷ್ಟು ವರ್ಷಗಳಲ್ಲಿ ಅವನು ಆ ಮನುಷ್ಯನಿಗೆ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ.

“ಅದು ನಿಮ್ಮ ದೇವರ್ರೀ, ಸಾಹೇಬ್ರ,” ಎಂದ. “ನೀವೇ ಹೊರಬೇಕು. ನಾವು ಹಾರ ಹಾಕ್ತೀವಿ.”

ಸಿಟ್ಟಿನಿಂದ ಹೇಳಿದ್ದಲ್ಲ, ಸೇಡಿನಿಂದಲೂ ಅಲ್ಲ. ಬಹಳ ಮೆತ್ತಗೆ, ಮರ್ಯಾದೆಯಿಂದ ಹೇಳಿದ. ದೊಡ್ಡಪ್ಪ ಪಟ್ಟಿ ಹಿಡಿದ ಕೈ ಇಳಿಸಿದ. ಅಣ್ಣನ ಕಡೆ ನೋಡಿದ. ಅಣ್ಣ ತಲೆ ತಗ್ಗಿಸಿದ. ದೊಡ್ಡಪ್ಪ ನಡುಪಟ್ಟಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಸಲಾಂ ಮಾಡಿ ಮೆಟ್ಟಿಲಿಳಿದ. ಭಾವ, ಚಹಾ ಕುಡಿದು ಹೋಗ್ರಿ ಎಂದು ಅವ್ವ ಕರೆದಳು. ಅವನು ತಿರುಗಿ ನೋಡಲಿಲ್ಲ.

ಅಪ್ಪ ಮಗನ ಕಡೆ ತಿರುಗಿದ. ಪಾಠ ಒಪ್ಪಿಸಿದ ಹುಡುಗ ಮಾಸ್ತರರ ಮುಖ ನೋಡುವ ಹಾಗೆ ನೋಡಿದ.

“ನೀ ಹೇಳ್ಕೊಟ್ಟಾಂಗೇ ಹೇಳಿದ್ನಿ,” ಎಂದ. “ತಪ್ಪಾತೇನು?”

ಅಣ್ಣನಿಗೆ ಆ ಮುಖ ನೋಡಲು ಆಗಲಿಲ್ಲ. ಆದರೂ, “ಇಲ್ಲಪ್ಪ, ಬರೋಬರಿ ಹೇಳಿದಿ,” ಎಂದ.

ಅಪ್ಪ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಹೊಲಿಯತೊಡಗಿದ.